ಅಂಗಾಲಿನ ಕಪ್ಪು ಚುಕ್ಕೆ

ಮೊನ್ನೆ ಕನಕಪುರದಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ಪಕ್ಕ ಕೂತಿದ್ದವರು ಚೆನ್ನಾಗಿ ಓದಿಕೊಂಡವರು, ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿರುವವರು. ಮಾತು ಅಲ್ಲಿ ಇಲ್ಲಿ ಸುತ್ತಿ ತೀರಿಕೊಂಡವರ ಕಡೆಗೆ ಬಂತು. "ನಿಮ್ಮ ದೊಡ್ಡಪ್ಪನಿಗೆ ಏನಾಗಿತ್ತು?" ಅಂತ ಕೇಳಿದರು. ಚರ್ಮದ ಕ್ಯಾನ್ಸರ್ ಅಂದೆ. ಪಾಯಸದ ಲೋಟ ಕೆಳಗಿಟ್ಟು ನನ್ನ ಮುಖ ನೋಡಿ, "ಅದು ಬಿಳಿಯರಿಗೆ ಬರೋ ಕಾಯಿಲೆ ಅಲ್ವಾ? ನಮ್ಮಂಥ ಕರಿ ಚರ್ಮದವರಿಗೆ ಎಲ್ಲಿ ಬರುತ್ತೆ?" ಅಂದುಬಿಟ್ಟರು.

ಅವರದ್ದು ತಪ್ಪು ಅಂತ ನಾನು ಹೇಳಲಾರೆ. 2018ರವರೆಗೆ ನಾನೂ ಹಾಗೇ ತಿಳಿದಿದ್ದೆ. ಸಮುದ್ರದ ದಂಡೆಯಲ್ಲಿ ಬಿಸಿಲು ಕಾಯಿಸಿಕೊಳ್ಳುವ ಜನಕ್ಕೆ ಬರುವ ರೋಗ, ಸಿನಿಮಾದಲ್ಲಿ ನೋಡುವ ರೋಗ, ನಮಗೂ ಅದಕ್ಕೂ ಸಂಬಂಧವಿಲ್ಲ ಅಂತ. ಆ ತಿಳುವಳಿಕೆಗೆ ನಮ್ಮ ಮನೆ ತೆತ್ತ ಬೆಲೆ ಏನು ಅನ್ನುವುದನ್ನು ಅಲ್ಲಿ ಎಲೆ ಮುಂದೆ ಕೂತು ಹೇಳೋದಕ್ಕೆ ಆಗಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಮ್ಮ ದೊಡ್ಡಪ್ಪ ಕನಕಪುರ ತಾಲ್ಲೂಕಿನವರು. ಮೂರು ಎಕರೆ ಜಮೀನು, ಅದರಲ್ಲಿ ಒಂದೂವರೆ ಎಕರೆ ಹಿಪ್ಪುನೇರಳೆ. ಮದುವೆಯಾದ ವರ್ಷದಿಂದ ಹುಳ ಮೇಯಿಸಿಕೊಂಡು ಬಂದವರು. ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಅವರನ್ನು ಗುರುತಿಸದ ರೀಲರುಗಳು ಕಡಿಮೆ. ಹುಳದ ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಕಾಲಿಟ್ಟರೆ ನಮ್ಮಂಥ ಮಕ್ಕಳಿಗೆ ಬೀಳುತ್ತಿತ್ತು ಏಟು. ಅವರಂತೂ ತೋಟದಲ್ಲೂ ಬರಿಗಾಲು, ಹುಳದ ಮನೆಯಲ್ಲೂ ಬರಿಗಾಲು. ಚಪ್ಪಲಿ ಏನಿದ್ದರೂ ಪೇಟೆಗೆ ಹೋಗುವಾಗ.

2016ರ ದೀಪಾವಳಿಗೆ ಎಣ್ಣೆ ಹಚ್ಚುವಾಗ ದೊಡ್ಡವ್ವ ಅವರ ಎಡ ಹಿಮ್ಮಡಿಯಲ್ಲಿ ಹುಣಸೆಬೀಜದಷ್ಟು ಒಂದು ಕಪ್ಪು ಗುರುತು ನೋಡಿದರು. "ಸೊಪ್ಪಿನ ಕರೆ ಇರ್ಬೇಕು, ಉಜ್ಕೋ" ಅಂದರು. ಉಜ್ಜಿದರೆ ಹೋಗಲಿಲ್ಲ. ಮಚ್ಚೆ ಇರಬೇಕು ಅಂದುಕೊಂಡರು. ಅಂಗಾಲಲ್ಲಿ ಮಚ್ಚೆ ಇದ್ದರೆ ದೇಶ ಸುತ್ತುತ್ತಾರಂತೆ. "ಈ ವಯಸ್ಸಲ್ಲಿ ಎಲ್ಲಿಗ್ ಹೋಯ್ತೀಯಪ್ಪ" ಅಂತ ಎಲ್ಲರೂ ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನಾನೂ ನಕ್ಕಿದ್ದೆ.

ಆಮೇಲೆ ಅದು ಸ್ವಲ್ಪ ಗಟ್ಟಿಯಾಯಿತು. ಆಗ ಅದು ಆಣಿ ಆಯಿತು. ಆಣಿಗೆ ನಮ್ಮ ಕಡೆ ಏನೇನು ಮಾಡುತ್ತಾರೋ ಎಲ್ಲಾ ಮಾಡಿದರು. ಮೆಡಿಕಲ್ ಸ್ಟೋರಿನಿಂದ ಆಣಿ ಪಟ್ಟಿ ತಂದು ಅಂಟಿಸಿದರು. ಯಾರೋ ಹೇಳಿದರೆಂದು ಗೇರು ಎಣ್ಣೆ ಇಟ್ಟು ಸುಟ್ಟುಕೊಂಡರು. ಬ್ಲೇಡಿನಲ್ಲಿ ಕೆತ್ತಿಕೊಂಡರು. ಕೊನೆಗೆ 2017ರ ಬೇಸಿಗೆಯಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅದನ್ನು ಕೊಯ್ದು ತೆಗೆದರು. ತೆಗೆದ ತುಂಡು ಹತ್ತಿ ಬಟ್ಟೆಯ ಜೊತೆ ಕಸದ ಬುಟ್ಟಿಗೆ ಹೋಯಿತು. ಈ ಲೇಖನದ ಅರ್ಧ ವಿಷಯ ಆ ಕಸದ ಬುಟ್ಟಿಯೊಳಗೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕೊಯ್ದ ಜಾಗ ಮಾಯಲಿಲ್ಲ. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು, ಹಾಗಾಗಿ ಎಲ್ಲರಿಗೂ ಸುಲಭದ ಉತ್ತರ ಸಿಕ್ಕಿತು: "ಶುಗರ್ ಗಾಯ, ಬೇಗ ವಾಸಿ ಆಗಲ್ಲ". ಎಂಟು ತಿಂಗಳು ದಿನ ಬಿಟ್ಟು ದಿನ ಡ್ರೆಸಿಂಗ್. ಎಂಟು ತಿಂಗಳು! ಗಾಯದ ಅಂಚಿನಲ್ಲಿ ಮತ್ತೆ ಕಪ್ಪು ಬರುತ್ತಿತ್ತು. ಅದನ್ನು ಮುಲಾಮಿನ ಬಣ್ಣ ಅಂದುಕೊಂಡೆವು. 2018ರ ಫೆಬ್ರವರಿಯಲ್ಲಿ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದಾಗ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು, ವಯಸ್ಸಿನಲ್ಲಿ ಚಿಕ್ಕವರು, ಕಾಲು ಎತ್ತಿ ನೋಡಿದವರೇ ಸುಮ್ಮನಾದರು. ನೂರಾರು ಜನ ನೋಡಿದ ಕಾಲನ್ನು ಅವರು ಅರ್ಧ ನಿಮಿಷದಲ್ಲಿ ಓದಿಬಿಟ್ಟರು. ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನಕ್ಕೆ ರಿಪೋರ್ಟು ಬಂತು. ಮೆಲನೋಮ.

ಆ ಹೆಸರನ್ನು ನಾನು ಆವತ್ತೇ ಮೊದಲು ಸರಿಯಾಗಿ ಓದಿದ್ದು. ಮುಂದಿನ ಹನ್ನೊಂದು ತಿಂಗಳಲ್ಲಿ ಎಷ್ಟು ಓದಿದೆ ಅಂದರೆ ಈಗ ಯಾರಾದರೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಿಗೆ ಮೆಲನೊಸೈಟ್ ಅಂತ ಹೆಸರು. ವಿಚಿತ್ರ ಏನಪ್ಪಾ ಅಂದರೆ ಬೆಳ್ಳಗಿರುವವರಲ್ಲೂ ಕಪ್ಪಗಿರುವವರಲ್ಲೂ ಈ ಜೀವಕೋಶಗಳ ಸಂಖ್ಯೆ ಹೆಚ್ಚು ಕಡಿಮೆ ಒಂದೇ. ಅವು ತಯಾರಿಸುವ ಬಣ್ಣದಲ್ಲಿ ಮಾತ್ರ ವ್ಯತ್ಯಾಸ. ಆ ಬಣ್ಣ ಬಿಸಿಲಿಗೆ ಕೊಡೆ ಹಿಡಿದ ಹಾಗೆ. ನಮಗೆ ಕೊಡೆ ದೊಡ್ಡದು, ಆಸ್ಟ್ರೇಲಿಯಾದ ಬಿಳಿಯರಿಗೆ ಚಿಕ್ಕದು. ಹಾಗಾಗಿ ಬಿಸಿಲಿನಿಂದ ಬರುವ ಮೆಲನೋಮ ಅಲ್ಲಿ ಹತ್ತಾರು ಪಟ್ಟು ಜಾಸ್ತಿ, ನಮ್ಮಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೂ ಬರುವುದಿಲ್ಲ. ಮದುವೆಯಲ್ಲಿ ಸಿಕ್ಕವರು ಹೇಳಿದ ಮಾತು ಇಷ್ಟರ ಮಟ್ಟಿಗೆ ಸರಿ.

ಆದರೆ ಬಿಸಿಲಿಗೂ ತನಗೂ ಸಂಬಂಧವೇ ಇಲ್ಲದ ಇನ್ನೊಂದು ಜಾತಿಯ ಮೆಲನೋಮ ಇದೆ. ಅದು ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ ಹುಟ್ಟುತ್ತದೆ. ನಮ್ಮ ಬಣ್ಣ ಅಲ್ಲಿ ನಮ್ಮನ್ನು ಕಾಯುವುದಿಲ್ಲ. ನಮ್ಮಂಥವರಲ್ಲಿ, ಆಫ್ರಿಕಾದವರಲ್ಲಿ, ಚೀನಾ ಜಪಾನಿನವರಲ್ಲಿ ಮೆಲನೋಮ ಬಂದರೆ ಹೆಚ್ಚಾಗಿ ಬರುವುದು ಹೀಗೆಯೇ. ಬಾಬ್ ಮಾರ್ಲಿ ಗೊತ್ತಲ್ಲ, ನಮ್ಮ ಹುಡುಗರ ಟೀ ಶರ್ಟಿನ ಮೇಲೆ ಜಡೆ ಬಿಟ್ಟುಕೊಂಡು ನಗುತ್ತಿರುತ್ತಾನೆ, ಅವನು ಸತ್ತಿದ್ದು ಇದರಿಂದಲೇ. 1977ರಲ್ಲಿ ಕಾಲ್ಬೆರಳಿನ ಉಗುರಿನ ಕೆಳಗೆ ಸಿಕ್ಕಿತು. ಫುಟ್‌ಬಾಲ್ ಆಡುವಾಗ ಆದ ಗಾಯ ಅಂತ ಮೊದಲು ಎಲ್ಲರೂ ಅಂದುಕೊಂಡಿದ್ದರು. ಬೆರಳು ತೆಗೆಸಿಕೊಳ್ಳಲು ಅವನು ಒಪ್ಪಲಿಲ್ಲ. ಶ್ವಾಸಕೋಶ, ಪಿತ್ತಜನಕಾಂಗ, ಮಿದುಳು ಎಲ್ಲಾ ಕಡೆ ಹರಡಿ 1981ರ ಮೇ 11ರಂದು ತೀರಿಕೊಂಡ. ಆಗ ಅವನಿಗೆ 36 ವರ್ಷ.

ಬರಿಗಾಲಲ್ಲಿ ನಡೆಯುವುದರಿಂದಲೇ ಇದು ಬರುತ್ತದೆಯಾ ಅಂತ ಕೇಳುತ್ತೀರಿ. ಭಾರ ಬೀಳುವ ಜಾಗದಲ್ಲಿ, ಪದೇ ಪದೇ ಪೆಟ್ಟಾಗುವ ಜಾಗದಲ್ಲಿ ಹೆಚ್ಚು ಅಂತ ಕೆಲವು ಅಧ್ಯಯನಗಳು ಹೇಳುತ್ತವೆ, ಆದರೆ ಅದೇ ಕಾರಣ ಅಂತ ಸಾಬೀತಾಗಿಲ್ಲ. ಹಾಗಾಗಿ "ರೈತರು ಚಪ್ಪಲಿ ಹಾಕಿಕೊಂಡಿದ್ದರೆ ಇದೆಲ್ಲ ಆಗುತ್ತಿರಲಿಲ್ಲ" ಅನ್ನುವ ಬುದ್ಧಿವಾದ ಬೇಡ. ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ ಅನ್ನುವುದಂತೂ ಬೇಡವೇ ಬೇಡ. ಅಂಗಾಲಿಗೆ ಯಾವ ಬಿಸಿಲು ಸ್ವಾಮಿ?

ಈಗ ದೊಡ್ಡಪ್ಪ ಕೇಳಿದ ಪ್ರಶ್ನೆಗೆ ಬರುತ್ತೇನೆ. ಹಿಮ್ಮಡಿಯ ಭಾಗ ತೆಗೆದು, ತೊಡೆಯ ಚರ್ಮ ತಂದು ಅಲ್ಲಿಗೆ ಹಾಕಿ, ತೊಡೆಸಂದಿಯ ಗ್ರಂಥಿಗಳನ್ನೆಲ್ಲ ತೆಗೆದರು. ನಾಲ್ಕು ತಿಂಗಳು ಚೆನ್ನಾಗಿದ್ದರು. ಆಮೇಲೆ ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲಿ ಚುಕ್ಕೆಗಳು ಕಂಡವು, ನಂತರ ಪಿತ್ತಜನಕಾಂಗದಲ್ಲಿ. ನವೆಂಬರಿನಲ್ಲಿ ತಲೆನೋವು ಶುರುವಾಗಿ ಒಂದು ಬೆಳಿಗ್ಗೆ ಬಲಗೈಯಲ್ಲಿ ಲೋಟ ಹಿಡಿಯಲಾಗಲಿಲ್ಲ, ಮಾತು ತೊದಲಿತು. ಮಿದುಳಿಗೂ ಹೋಗಿತ್ತು. ಆವತ್ತು ಸಂಜೆ ನನ್ನನ್ನು ಹತ್ತಿರ ಕರೆದು ಕೇಳಿದರು, "ಕಾಲಲ್ಲಿ ಹುಟ್ಟಿದ್ದು ತಲೆಗೆಂಗ್ಲಾ ಬಂತು?"

ಸಂಬಂಧಿಕರ ಬಾಯಲ್ಲೂ ಇದೇ ಗೊಂದಲ. "ಬೀಡಿ ಮುಟ್ಟದೋನಿಗೆ ಶ್ವಾಸಕೋಶದ ಕ್ಯಾನ್ಸರ್ರಂತೆ", "ಈಗ ಲಿವರ್ ಕ್ಯಾನ್ಸರ್ ಬೇರೆ ಬಂದೈತಂತೆ, ಕುಡಿಯದೋನಿಗೆ". ಹಾಗಲ್ಲ. ಅವರಿಗಿದ್ದದ್ದು ಒಂದೇ ಕಾಯಿಲೆ. ಚರ್ಮದ ಮೇಲ್ಪದರದಲ್ಲಿ ಇರುವತನಕ ಈ ಜೀವಕೋಶಗಳಿಗೆ ಹೋಗಲು ದಾರಿಯಿಲ್ಲ, ಯಾಕೆಂದರೆ ಮೇಲ್ಪದರದಲ್ಲಿ ರಕ್ತನಾಳಗಳೇ ಇಲ್ಲ. ಕೆಳಕ್ಕೆ ಬೇರು ಬಿಟ್ಟ ಮೇಲೆ ದುಗ್ಧರಸದ ನಾಳಗಳು ಸಿಗುತ್ತವೆ, ರಕ್ತನಾಳಗಳು ಸಿಗುತ್ತವೆ. ಕಾಲಿನ ದುಗ್ಧರಸ ಮೊದಲು ಬಂದು ಸೇರುವ ನಿಲ್ದಾಣ ತೊಡೆಸಂದಿಯ ಗ್ರಂಥಿಗಳು. ಕಾಲಿಗೆ ಗಾಯವಾದರೆ ತೊಡೆಸಂದಿಯಲ್ಲಿ ಗಂಟು ಕಟ್ಟುತ್ತದೆ ಅಂತ ನಮ್ಮ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು, ಅದೇ ದಾರಿ ಇದಕ್ಕೂ. ಅಲ್ಲಿಂದ ಮುಂದೆ ರಕ್ತದ ಜೊತೆ ಎಲ್ಲಿಗೆ ಬೇಕಾದರೂ. ಶ್ವಾಸಕೋಶದಲ್ಲಿ ಕೂತರೂ ಅದು ಅಂಗಾಲಿನ ಕಾಯಿಲೆಯೇ, ಸೂಕ್ಷ್ಮದರ್ಶಕದಲ್ಲಿ ಅದೇ ಜೀವಕೋಶ ಕಾಣುತ್ತದೆ. ಕನಕಪುರದವನು ಮುಂಬಯಿಗೆ ಹೋಗಿ ನೆಲೆಸಿದರೆ ಅವನು ಕನಕಪುರದವನೇ ಅಲ್ಲವೇ, ಹಾಗೆ. ಉಳಿದ ಎಷ್ಟೋ ಕ್ಯಾನ್ಸರುಗಳಿಗೆ ಹೋಲಿಸಿದರೆ ಮೆಲನೋಮಕ್ಕೆ ಈ ತಿರುಗಾಟದ ಚಾಳಿ ಬಹಳ ಹೆಚ್ಚು. ಮಿದುಳು ಅಂದರೆ ಅದಕ್ಕೆ ವಿಶೇಷ ಪ್ರೀತಿ. ಕೆಲವರಲ್ಲಿ ಮೂಲದ ಮಚ್ಚೆ ತೆಗೆದು ಹತ್ತು ವರ್ಷ ಆದ ಮೇಲೂ ಇನ್ನೆಲ್ಲೋ ಎದ್ದಿದ್ದುಂಟು.

ನಾನು ಇದನ್ನೆಲ್ಲ ಒರಟೊರಟಾಗಿ ಹೇಳಿದೆ. ದೊಡ್ಡಪ್ಪ ಕೇಳಿಸಿಕೊಂಡು ಸ್ವಲ್ಪ ಹೊತ್ತಿನ ಮೇಲೆ, "ಊಜಿ ಹೊಡ್ದಂಗೆ ಅನ್ನು" ಅಂದರು.

ರೇಷ್ಮೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಊಜಿ ನೊಣ ಅಂತ ಒಂದಿದೆ, 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂತು. ಅದು ಹುಳದ ಮೈಮೇಲೆ ಒಂದು ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು ಮರಿ ಒಳಕ್ಕೆ ಕೊರೆದುಕೊಂಡು ಹೋದ ಜಾಗದಲ್ಲಿ ಸಣ್ಣದೊಂದು ಕಪ್ಪು ಚುಕ್ಕೆ ಉಳಿಯುತ್ತದೆ, ಹೊರಗೆ ಕಾಣುವುದು ಅಷ್ಟೇ. ದೊಡ್ಡಪ್ಪ ತಟ್ಟೆ ತುಂಬ ಇರುವ ಸಾವಿರಾರು ಹುಳದಲ್ಲಿ ಆ ಚುಕ್ಕೆ ಬಿದ್ದ ಹುಳವನ್ನು ದೀಪದ ಬೆಳಕಿನಲ್ಲೇ ಹುಡುಕಿ ತೆಗೆದು ಹಾಕುತ್ತಿದ್ದರು. ಅಂಥ ಕಣ್ಣು ಅವರದ್ದು. ಆ ಮಾತು ಅವರ ಬಾಯಿಂದ ಬಂದ ಮೇಲೆ ನನಗೆ ಅಲ್ಲಿ ಕೂರಲಾಗಲಿಲ್ಲ, ಎದ್ದು ಹೊರಗೆ ಹೋದೆ.

2019ರ ಜನವರಿಯಲ್ಲಿ, ಸಂಕ್ರಾಂತಿ ಕಳೆದು ನಾಲ್ಕನೇ ದಿನ ಹೋದರು.

ನಾನು ಹೇಳಬೇಕು ಅಂತಿರುವ ಮೊದಲನೇ ಮಾತು ಆ ಕಸದ ಬುಟ್ಟಿಯದ್ದು. ಮೆಲನೋಮದಲ್ಲಿ ಎಲ್ಲಾ ಲೆಕ್ಕವೂ ಆಳದ ಮೇಲೆ. 1970ರಲ್ಲಿ ಬ್ರೆಸ್ಲೋ ಅನ್ನುವ ಅಮೆರಿಕದ ವೈದ್ಯರು ಇದನ್ನು ಮಿಲಿಮೀಟರಿನಲ್ಲಿ ಅಳೆಯುವುದನ್ನು ತೋರಿಸಿಕೊಟ್ಟರು, ಇವತ್ತಿಗೂ ಅದೇ ಅಳತೆ. 1 ಮಿ.ಮೀ.ಗಿಂತ ತೆಳುವಾಗಿದ್ದಾಗಲೇ ಸಿಕ್ಕಿದರೆ ಸುತ್ತ ಒಂದು ಸೆಂಟಿಮೀಟರಿನಷ್ಟು ಸೇರಿಸಿ ಕೊಯ್ದು ತೆಗೆದರೆ ಬಹುಪಾಲು ಜನಕ್ಕೆ ಅಲ್ಲಿಗೆ ಮುಗಿಯಿತು. 4 ಮಿ.ಮೀ. ದಾಟಿದರೆ ಕಷ್ಟ. ನಮ್ಮ ಒಂದು ರೂಪಾಯಿ ನಾಣ್ಯ 1 ಮಿ.ಮೀ.ಗಿಂತ ದಪ್ಪ ಇದೆ, ನೆನಪಿರಲಿ. ನಾಣ್ಯದ ದಪ್ಪದಷ್ಟು ಜಾಗದಲ್ಲಿ ಜೀವ ಉಳಿಯುವುದೂ ಹೋಗುವುದೂ ತೀರ್ಮಾನ ಆಗುತ್ತದೆ. ಅಮೆರಿಕದ ಲೆಕ್ಕದ ಪ್ರಕಾರ ಹರಡುವ ಮೊದಲೇ ಸಿಕ್ಕವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಐದು ವರ್ಷ ದಾಟುತ್ತಾರೆ, ದೂರದ ಅಂಗಗಳಿಗೆ ಹರಡಿದ ಮೇಲೆ ಸಿಕ್ಕವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು. 2017ರ ಆ ಬೇಸಿಗೆಯಲ್ಲಿ ದೊಡ್ಡಪ್ಪನ ಕಾಲಿನದು ಎಷ್ಟು ಮಿ.ಮೀ. ಇತ್ತು? ಯಾರಿಗೂ ಗೊತ್ತಿಲ್ಲ. ಅಳೆಯಬೇಕಾದ್ದನ್ನು ಗುಡಿಸಿ ಎಸೆದರು. ಒಂದು ವರ್ಷದ ನಂತರ ಅಳೆದಾಗ 6 ಮಿ.ಮೀ.

ಯಾರ ಹೆಸರನ್ನೂ ಎತ್ತುವ ಉದ್ದೇಶ ನನಗಿಲ್ಲ. ಆ ಕ್ಲಿನಿಕ್ಕಿನವರು ಕೆಟ್ಟವರಲ್ಲ, ಫೀಸು ಕೂಡ ಕಡಿಮೆ ತಗೊಂಡರು. ಅವರು ತಮ್ಮ ಇಡೀ ಸರ್ವೀಸಿನಲ್ಲಿ ಇಂಥ ಒಂದು ಕಾಲನ್ನೂ ನೋಡಿರಲಿಕ್ಕಿಲ್ಲ. ಆದರೆ ನನ್ನ ಅಭಿಪ್ರಾಯ ಇಷ್ಟು. ಮನುಷ್ಯನ ಮೈಯಿಂದ ಕತ್ತರಿಸಿ ತೆಗೆದ ಯಾವ ತುಂಡೂ, ಆಣಿಯಾಗಲಿ ನರುಳ್ಳೆಯಾಗಲಿ ಮಚ್ಚೆಯಾಗಲಿ, ಪರೀಕ್ಷೆಗೆ ಹೋಗದೆ ಕಸಕ್ಕೆ ಹೋಗಬಾರದು. ಅದಕ್ಕೆ ತಗಲುವ ಖರ್ಚು ಒಂದು ಜೊತೆ ಒಳ್ಳೆ ಚಪ್ಪಲಿಗಿಂತ ಹೆಚ್ಚಲ್ಲ. ಕೊಯ್ಯುವವರು ಕಳಿಸದಿದ್ದರೆ ನಾವೇ ಕೇಳಬೇಕು, "ಸಾರ್, ಅದನ್ನ ಒಂದು ಬಾಟ್ಲಿಗೆ ಹಾಕ್ಕೊಡಿ" ಅಂತ. ಕೇಳೋದಕ್ಕೆ ನಾಚಿಕೆ ಏನು?

ಇಲ್ಲಿ ಇನ್ನೊಂದು ಮೂಢನಂಬಿಕೆಯನ್ನೂ ಹೇಳಿಬಿಡಬೇಕು. "ಕತ್ತಿ ಮುಟ್ಟಿಸಿದ್ರೆ ಕ್ಯಾನ್ಸರ್ ಮೈಯೆಲ್ಲಾ ಹಬ್ಬುತ್ತೆ" ಅಂತ ಚನ್ನಪಟ್ಟಣದಿಂದ ಮಾಗಡಿವರೆಗೆ ಎಲ್ಲಿ ಹೋದರೂ ಹೇಳುತ್ತಾರೆ. ದೊಡ್ಡಪ್ಪನ ವಿಷಯದಲ್ಲೂ ಹೇಳಿದರು, ಆಪರೇಷನ್ ಮಾಡಿಸಿದ್ದಕ್ಕೇ ಹಿಂಗಾಯ್ತು ಅಂತ ತಿಥಿಯ ದಿನ ಕೂಡ ಒಬ್ಬರು ಅಂದರು. ಇದು ತಲೆಕೆಳಗಾದ ಲೆಕ್ಕ. ನಮ್ಮವರು ಆಪರೇಷನ್ನಿಗೆ ಹೋಗುವುದೇ ತಡವಾಗಿ, ಅಷ್ಟರಲ್ಲಿ ಅದು ಆಗಲೇ ಹೊರಟಿರುತ್ತದೆ, ಆಪರೇಷನ್ ಆದ ಮೇಲೆ ಕಣ್ಣಿಗೆ ಕಾಣುತ್ತದೆ. ಆಗ ಕತ್ತಿಯ ಮೇಲೆ ಗೂಬೆ ಕೂರಿಸುತ್ತೇವೆ. ಸರಿಯಾದ ಕಡೆ ಮಾಡಿದ ಬಯಾಪ್ಸಿಯಿಂದ ಮೆಲನೋಮ ಹರಡುವುದಿಲ್ಲ. ಬ್ಲೇಡಿನಿಂದ ವಾರ ವಾರ ಕೆತ್ತಿಕೊಳ್ಳುವುದರಿಂದ, ಗೇರು ಎಣ್ಣೆಯಿಂದ ಸುಡುವುದರಿಂದ ಆಗುವ ನಷ್ಟ ಏನೆಂದರೆ, ಕಾಯಿಲೆಯ ಮುಖಚಹರೆಯೇ ಕೆಟ್ಟುಹೋಗಿ ತಿಳಿದವರಿಗೂ ಗುರುತು ಸಿಗದ ಹಾಗೆ ಆಗುತ್ತದೆ, ದಿನಗಳೂ ಕಳೆದುಹೋಗುತ್ತವೆ.

ಎರಡನೇ ಮಾತು ಸರ್ಕಾರದ ಬಗ್ಗೆ. 2010ರಿಂದ ದೇಶದಲ್ಲಿ ಕ್ಯಾನ್ಸರ್, ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೆ ಒಂದು ರಾಷ್ಟ್ರೀಯ ಕಾರ್ಯಕ್ರಮ ಇದೆ. ಅದರಲ್ಲಿ ತಪಾಸಣೆ ಮಾಡುವ ಕ್ಯಾನ್ಸರ್ ಮೂರು: ಬಾಯಿ, ಸ್ತನ, ಗರ್ಭಕೊರಳು. ಇದು ಸರಿಯಾದ ಆಯ್ಕೆ, ಯಾಕೆಂದರೆ ನಮ್ಮಲ್ಲಿ ಜಾಸ್ತಿ ಇರುವವು ಅವೇ. ಲಕ್ಷಕ್ಕೆ ಒಬ್ಬರಿಗೂ ಬರದ ರೋಗಕ್ಕೆ ಊರೂರಲ್ಲಿ ಕ್ಯಾಂಪ್ ಮಾಡಿ ಅಂತ ನಾನು ಕೇಳುವುದಿಲ್ಲ, ಕೇಳಿದರೆ ಅದು ದುಡ್ಡು ದಂಡ. ನಾನು ಕೇಳುವುದು ಬಹಳ ಚಿಕ್ಕದು. ಸಕ್ಕರೆ ಕಾಯಿಲೆಯವರ ಕಾಲನ್ನು ಹೇಗೂ ನೋಡಲೇಬೇಕು ಅಂತ ನಿಯಮ ಇದೆ. ನೋಡುವಾಗ ಗಾಯದ ಜೊತೆ ಬಣ್ಣವನ್ನೂ ನೋಡಿ. 2024ರಲ್ಲಿ ಕೋಲಾರದಿಂದ ಶುರುವಾಗಿ ಬೇರೆ ಜಿಲ್ಲೆಗಳಿಗೂ ಹೋದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಬಿಪಿ ಶುಗರ್ ನೋಡುತ್ತಾರೆ. ಬಂದವರು ಕೈಯ ಜೊತೆ ಕಾಲನ್ನೂ ಒಂದು ಸಲ ಎತ್ತಿಸಿ ನೋಡಿದರೆ ಹಿಡಿಯುವುದು ಒಂದು ನಿಮಿಷ. ಒಂದು ತಿಂಗಳಾದರೂ ಮಾಯದ ಗಾಯದಿಂದ ಒಂದು ಸಣ್ಣ ತುಂಡು ತೆಗೆದು ಪರೀಕ್ಷೆಗೆ ಕಳಿಸಬೇಕು ಅನ್ನುವ ಒಂದೇ ಒಂದು ಸಾಲು ಪ್ರತಿ ಆರೋಗ್ಯ ಕೇಂದ್ರದ ಗೋಡೆ ಮೇಲೆ ಇರಲಿ. ಆ ಸಾಲು ಮೆಲನೋಮಕ್ಕೆ ಮಾತ್ರ ಅಲ್ಲ, ಇನ್ನೂ ಹಲವಕ್ಕೆ ಉಪಯೋಗ.

ಹಲವು ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ದೇಶದ ಚರ್ಮದ ಕ್ಯಾನ್ಸರುಗಳಿಗೆ ನಮ್ಮ ಉಡುಗೆಯ ಹೆಸರೇ ಬಿದ್ದಿದೆ ಅಂದರೆ ನಂಬುತ್ತೀರಾ? ಮುಂಬಯಿಯ ಡಾಕ್ಟರ್ ಖಾನೋಲ್ಕರ್ ಮತ್ತು ಸೂರ್ಯಬಾಯಿ 1945ರಲ್ಲೇ 'ಧೋತಿ ಕ್ಯಾನ್ಸರ್' ಅಂತ ಬರೆದರು. ಸೊಂಟದಲ್ಲಿ ಪಂಚೆ ಬಿಗಿದು ಬಿಗಿದು, ದಶಕಗಟ್ಟಲೆ ಉಜ್ಜಿ, ಅಲ್ಲೇ ಹುಣ್ಣಾಗಿ ಕ್ಯಾನ್ಸರ್ ಆಗುವುದು. ಹೆಂಗಸರಲ್ಲಿ ಅದನ್ನೇ ಸೀರೆ ಕ್ಯಾನ್ಸರ್ ಅಂದರು, ನಿಜವಾಗಿ ತಪ್ಪು ಸೀರೆಯದ್ದಲ್ಲ, ಒಳಲಂಗದ ಲಾಡಿಯದ್ದು. 2024ರಲ್ಲಿ ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು ಇಂಥ ಇಬ್ಬರು ವಯಸ್ಸಾದ ಹೆಂಗಸರ ವಿಷಯ ಪ್ರಕಟಿಸಿದರು, ಅವರಲ್ಲಿ ಒಬ್ಬರಿಗೆ ತೊಡೆಸಂದಿಯ ಗ್ರಂಥಿಗೆ ಹರಡಿತ್ತು. ಹಳೇ ಸುಟ್ಟಗಾಯದ ಕಲೆಯ ಮೇಲೆ ಇಪ್ಪತ್ತು ಮೂವತ್ತು ವರ್ಷಗಳ ನಂತರ ಏಳುವ ಹುಣ್ಣೂ ಇದೇ ಗುಂಪಿನದ್ದು. ಇವು ಮೆಲನೋಮ ಅಲ್ಲ, ಬೇರೆ ಜಾತಿ. ಆದರೆ ಬಿಸಿಲಿನಿಂದ ಬರುವ ಅದೇ ಜಾತಿಗಿಂತ ಇವುಗಳಿಗೆ ಹರಡುವ ಗುಣ ಹೆಚ್ಚು. ನಮ್ಮ ಜಿಲ್ಲೆಯಲ್ಲಿ ಗೂಡು ಬೇಯಿಸುವ ಒಲೆಯ ಮುಂದೆ, ಬಿಸಿನೀರಿನ ಬಾಣಲೆ ಮುಂದೆ ಬದುಕು ಕಳೆದವರು ಎಷ್ಟು ಜನ! ಅವರ ಮೈಮೇಲಿನ ಹಳೇ ಸುಟ್ಟ ಕಲೆ ಮತ್ತೆ ಹುಣ್ಣಾದರೆ ಅದನ್ನು ಯಾರು ಕೇಳುತ್ತಾರೆ?

ಚರ್ಮಕ್ಕೆ ನಾವು ದುಡ್ಡು ಖರ್ಚು ಮಾಡುವುದಿಲ್ಲ ಅಂತಲ್ಲ. 1975ರಿಂದ ಬೆಳ್ಳಗಾಗುವ ಕ್ರೀಮು ಕೊಂಡುಕೊಂಡು ಬಂದಿದ್ದೇವೆ, 2020ರಲ್ಲಿ ಆ ಟ್ಯೂಬಿನ ಹೆಸರು ಬದಲಾಯಿತು ಅಷ್ಟೆ. ಮುಖ ನೋಡಿಕೊಳ್ಳುವ ಕನ್ನಡಿ ಎಲ್ಲರ ಮನೆಯಲ್ಲೂ ಇದೆ. (ಹೆಸರು ಬದಲಾಯಿಸುವುದು ಅಂದಾಗ ನೆನಪಾಯಿತು. ನಮ್ಮದು 2007ರಲ್ಲಿ ರಾಮನಗರ ಜಿಲ್ಲೆ ಆಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಮಾಡಿದರು. ದೊಡ್ಡ ಕಾಯಿಲೆ ಬಂದರೆ ಬಸ್ಸು ಹತ್ತಿ ಐವತ್ತು ಅರವತ್ತು ಕಿಲೋಮೀಟರು ಬೆಂಗಳೂರಿಗೇ ಹೋಗಬೇಕಾಗಿರುವಾಗ ಹೆಸರಿಗೂ ಅದೇ ಇರಲಿ ಅಂತಿರಬಹುದು.)

ಮೂರನೇದು, ಮುಚ್ಚಿಡುವ ವಿಷಯ. ಇದರಲ್ಲಿ ನಾನೂ ತಪ್ಪಿತಸ್ಥ. ನಮ್ಮ ಕಡೆ ಕ್ಯಾನ್ಸರ್ ಅನ್ನುವ ಪದ ಯಾರೂ ಬಾಯಲ್ಲಿ ಆಡುವುದಿಲ್ಲ. "ಕಿದ್ವಾಯಿಗೆ ಹೋಗ್ತಾವ್ರೆ" ಅಂದರೆ ಮುಗಿಯಿತು, ಅರ್ಥ ಆಗುತ್ತದೆ. 1973ರಲ್ಲಿ ಶುರುವಾದ, ಲಕ್ಷಾಂತರ ಬಡವರಿಗೆ ಆಸರೆಯಾದ ಆಸ್ಪತ್ರೆಯ ಹೆಸರನ್ನು ನಾವು ಒಂದು ಶಾಪದ ಮಾತು ಮಾಡಿಕೊಂಡಿದ್ದೇವೆ. ರಫಿ ಅಹಮದ್ ಕಿದ್ವಾಯಿ ಯಾರು ಅಂತ ಗೊತ್ತಿಲ್ಲದವರಿಗೂ ಆ ಹೆಸರು ಕೇಳಿದರೆ ಎದೆ ಝಲ್ ಅನ್ನುತ್ತದೆ. ದೊಡ್ಡಪ್ಪನಿಗೂ ಎರಡು ತಿಂಗಳು ಹೇಳಿರಲಿಲ್ಲ. "ಗಾಯದಲ್ಲಿ ಇನ್‌ಫೆಕ್ಷನ್" ಅಂತ ಎಲ್ಲರೂ ಒಂದೇ ಪಾಠ ಒಪ್ಪಿಸುತ್ತಿದ್ದೆವು. ಒಂದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಎದುರಿನ ಬಾಗಿಲ ಮೇಲಿದ್ದ ಕನ್ನಡ ಬೋರ್ಡು ತೋರಿಸಿ ಕೇಳಿದರು, "ನಾನು ಅಕ್ಷರ ಕಲ್ತಿರೋದು ಮರ್ತ್‌ಬುಟ್ರೇನ್ಲಾ ನೀವು?"

ತಲೆ ತಗ್ಗಿಸಿದೆ. ಅವರಿಗೆ ಗೊತ್ತಾದ ಮೇಲೆ ಮನೆಯಲ್ಲಿ ಒಂದು ನಮೂನೆ ಹಗುರ ಆಯಿತು. ಸೊಸೈಟಿ ಸಾಲದ ಲೆಕ್ಕ ಹೇಳಿದರು, ಬೋರ್‌ವೆಲ್ ಜಗಳ ಬಗೆಹರಿಸಿದರು. ಅಷ್ಟು ದಿನ ನಾವೇ ಎಲ್ಲಾ ತೀರ್ಮಾನ ಮಾಡುತ್ತಿದ್ದೆವು, ಅವರ ಕಾಲಿನ ಬಗ್ಗೆ, ಅವರ ದುಡ್ಡಿನ ಬಗ್ಗೆ.

ದುಡ್ಡಿನ ವಿಷಯಕ್ಕೆ ಬಂದರೆ, ಹರಡಿದ ಮೆಲನೋಮಕ್ಕೆ 2011ಕ್ಕಿಂತ ಮುಂಚೆ ಹೇಳಿಕೊಳ್ಳುವಂಥ ಔಷಧಿಯೇ ಇರಲಿಲ್ಲ. ನಮ್ಮ ದೇಹದ ರಕ್ಷಣಾ ಜೀವಕೋಶಗಳಿಗೆ ಸ್ವಾಭಾವಿಕವಾಗಿ ಒಂದು ಬ್ರೇಕ್ ಇರುತ್ತದೆ, ಕ್ಯಾನ್ಸರ್ ಆ ಬ್ರೇಕನ್ನು ಒತ್ತಿ ಹಿಡಿದು ಬಚಾವಾಗುತ್ತದೆ. ಬ್ರೇಕ್ ಬಿಡಿಸುವ ಔಷಧಿಗಳು ಬಂದವು, ಅದರ ಹಿಂದಿನ ಸಂಶೋಧನೆಗೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಅಮೆರಿಕದ ಹಿಂದಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ ಮೆಲನೋಮ ಪಿತ್ತಜನಕಾಂಗಕ್ಕೂ ಮಿದುಳಿಗೂ ಹರಡಿತ್ತು. ಆಗ ಅವರಿಗೆ 90 ವರ್ಷ. ಈ ಔಷಧಿ ಮತ್ತು ವಿಕಿರಣ ತಗೊಂಡು ಚೇತರಿಸಿಕೊಂಡು 2024ರ ಡಿಸೆಂಬರಿನಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ಅದೇ ವರ್ಷ ಅದೇ ನೊಬೆಲ್ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಾನು ಆಸ್ಪತ್ರೆಯ ವರಾಂಡದಲ್ಲಿ ಕೂತು ಓದುತ್ತಿದ್ದೆ, ಒಳಗೆ ದೊಡ್ಡಪ್ಪ. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಮೂರು ವಾರಕ್ಕೊಂದು ಡೋಸು, ಒಂದೊಂದಕ್ಕೂ ಲಕ್ಷಗಟ್ಟಲೆ, ಅಂಗಾಲಿನ ಜಾತಿಗೆ ಈ ಔಷಧಿ ಬೇರೆಯದಕ್ಕೆ ಕೆಲಸ ಮಾಡಿದಷ್ಟು ಮಾಡುವುದಿಲ್ಲ ಅಂದರು. ಅಣ್ಣ ರಸ್ತೆ ಪಕ್ಕದ ಅರ್ಧ ಎಕರೆ ಮಾರಲು ತಯಾರಾಗಿದ್ದ, ಬೆಂಗಳೂರಿನ ಪಾರ್ಟಿಯೂ ಬಂದಿತ್ತು. ದೊಡ್ಡಪ್ಪ, "ಗ್ಯಾರಂಟಿ ಐತಾ ಕೇಳು" ಅಂದರು. ಇಲ್ಲ ಅಂದೆವು. "ಹಂಗಾರೆ ಜಮೀನು ಮುಟ್ಬೇಡಿ."

ಆವತ್ತು ನಾನು ಅವರ ಪರ ಮಾತಾಡಿದೆ. ಅಣ್ಣ ಇವತ್ತಿಗೂ ನನ್ನ ಜೊತೆ ಆ ವಿಷಯ ಎತ್ತುವುದಿಲ್ಲ. ನಾನು ಮಾಡಿದ್ದು ಸರಿಯೋ ತಪ್ಪೋ ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ, ಕೆಲವು ರಾತ್ರಿ ಒಂದು ಉತ್ತರ, ಕೆಲವು ರಾತ್ರಿ ಇನ್ನೊಂದು. ಆದರೆ ಇದು ಮಾತ್ರ ಖಚಿತ: ಆ ಪ್ರಶ್ನೆ ನಮ್ಮ ಮನೆಗೆ ಬರುವಷ್ಟು ದೂರ ಹೋಗಬೇಕಾಗಿರಲಿಲ್ಲ. ಒಂದು ಚಿಕ್ಕ ಬಾಟ್ಲಿ, ಒಂದು ಲ್ಯಾಬು, ಹತ್ತು ದಿನ. ಅಷ್ಟಕ್ಕೆ ಮುಗಿಯಬಹುದಿತ್ತು.

ಹಾಗಂತ ಅಂಗಾಲಿನ ಪ್ರತಿ ಕಲೆಯೂ ಕ್ಯಾನ್ಸರ್ ಅಂತ ಹೆದರಬೇಡಿ. ಕಪ್ಪು ಮೈಬಣ್ಣದವರ ಅಂಗಾಲಲ್ಲಿ ಕಂದು ಕಲೆಗಳು ಇರುವುದು ಮಾಮೂಲು, ಅವು ಹಾಗೇ ಇರುತ್ತವೆ, ಏನೂ ಮಾಡುವುದಿಲ್ಲ. ನೋಡಬೇಕಾದ್ದು ಬದಲಾವಣೆಯನ್ನು. ಹೊಸದಾಗಿ ಹುಟ್ಟಿ ಬೆಳೆಯುತ್ತಿರುವುದು, ಅಂಚು ಸೊಟ್ಟಸೊಟ್ಟ ಆಗಿರುವುದು, ಒಂದೇ ಕಲೆಯಲ್ಲಿ ಎರಡು ಮೂರು ಬಣ್ಣ ಇರುವುದು, ರಕ್ತ ಜಿನುಗುವುದು. ಉಗುರಿನಲ್ಲಿ ಉದ್ದಕ್ಕೆ ಕಪ್ಪು ಗೆರೆ ಬಂದು, ಅದು ಅಗಲವಾಗುತ್ತಾ ಉಗುರಿನ ಬುಡದ ಚರ್ಮಕ್ಕೂ ಬಣ್ಣ ಇಳಿದಿದ್ದರೆ ತಡ ಮಾಡಬಾರದು. ಕೆಲವು ಸಲ ಕಪ್ಪು ಬಣ್ಣವೇ ಇಲ್ಲದೆ ಕೆಂಪು ಮಾಂಸದ ಹಾಗೆ ಬರುವುದೂ ಉಂಟು, ಅದಕ್ಕೇ ಮಾಯದ ಗಾಯದ ಬಗ್ಗೆ ಅಷ್ಟು ಒತ್ತಿ ಹೇಳಿದ್ದು.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ದೊಡ್ಡವ್ವ ಈಗ ಹೊಸದೊಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಎಣ್ಣೆ ಹಚ್ಚುವ ಮೊದಲು ಮನೆಯವರೆಲ್ಲ ಜಗಲಿಯ ಮೇಲೆ ಬೋರಲು ಮಲಗಬೇಕು, ಅವರು ಎಲ್ಲರ ಅಂಗಾಲು ನೋಡುತ್ತಾರೆ. ಮೊಮ್ಮಕ್ಕಳಿಗೆ ಕಚಗುಳಿ, ಕೇಕೆ. ಚಿಕ್ಕಪ್ಪನ ಸರದಿ ಬಂದಾಗ ಬಲ ಹಿಮ್ಮಡಿಯಲ್ಲಿ ಕಪ್ಪಗೆ ಒಂದು ಚುಕ್ಕೆ. ದೊಡ್ಡವ್ವನ ಕೈ ನಿಂತಿತು. ಮಕ್ಕಳ ಗಲಾಟೆಯೂ ನಿಂತಿತು. ನಾನು ಮೊಬೈಲಿನ ಟಾರ್ಚ್ ಹಿಡಿದೆ. ದೊಡ್ಡವ್ವ ತಲೆಗೂದಲಿನಿಂದ ಪಿನ್ನು ತೆಗೆದು ಮೆಲ್ಲಗೆ ಕೆದಕಿದರು. ಚಿಕ್ಕಪ್ಪ "ಅಯ್ಯಪ್ಪಾ" ಅಂದರು. ಮುರಿದ ಜಾಲಿಮುಳ್ಳು, ಕಾಲಿಂಚು ಉದ್ದ.

ದೊಡ್ಡವ್ವ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದರು. ಆಮೇಲೆ ಚಿಕ್ಕಪ್ಪನ ಕಾಲಿಗೆ ಒಂದು ಬಿಟ್ಟು, "ಎದ್ದೇಳು, ನೀರು ಕಾದದೆ" ಅಂದರು.